ನಡುಗಂಬವಿಲ್ಲದ ಮನೆ

ನಮ್ಮ ನಾಡಿನಲ್ಲಿ ನನ್ನ ಪ್ರಾಯದವರ ಒಂದು ದೊಡ್ಡ ಸಮೂಹವೇ ಜೂನ್ ತಿಂಗಳ ಒಂದನೆಯ ತಾರೀಖಿನಂದು ಹುಟ್ಟಿದೆ. ಇದರ ಕಾರಣವನ್ನು ಗ್ರಹಗತಿಗಳಲ್ಲಿ ಹುಡುಕಬೇಕಾಗಿಲ್ಲ. ಊರ ಶಾಲೆಯ ಹೆಡ್‌ಮಾಸ್ತರರಲ್ಲಿ ಹುಡುಕಿದರೆ ಸಾಕು. ಮಗುವನ್ನು ಕೈಹಿಡಿದು ತಂದ ತಂದೆಗೆ ಅದು ಹುಟ್ಟಿದ್ದು ಮಾರ್ನಮಿಗೆ ಮೊದಲೋ ಆಮೇಲೋ ಎಂಬುದಷ್ಟೇ ನೆನಪು. ಶಾಲೆ ತೆರೆಯುವ ದಿನಕ್ಕೆ ವಯಸ್ಸು ಸರಿಹೊಂದುವಂತೆ ಮಾಸ್ತರರೇ ಒಂದು ತಾರೀಖನ್ನು ದಯಪಾಲಿಸುತ್ತಿದ್ದರು. ಅವರು ಅಂದು ಎಳೆದ ಆ ಒಂದು ಗೆರೆ ಅರುವತ್ತು ವರ್ಷಗಳ ಮೇಲೆ ಫಲ ಕೊಡುತ್ತದೆ. ತಿಂಗಳ ಮೊದಲನೆಯ ದಿನ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ನೌಕರಿಯ ನಿಯಮ. ಆದ್ದರಿಂದ ಮೇ 31 ಎಂದರೆ ನಮ್ಮ ಕಛೇರಿಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿಗಳ ದಿನ. ಒಂದು ಸಾಲು ಕುರ್ಚಿಗಳ ಮೇಲೆ ಎಂಟು ಹತ್ತು ಮಂದಿ ಹಿರಿಯರು ವಧೂವರರಂತೆ ಸಂಕೋಚದಿಂದ ಕುಳಿತಿರುತ್ತಾರೆ. ಅಧ್ಯಕ್ಷರು ಅಷ್ಟು ಮಂದಿಗೂ ಸೇರಿಸಿ ಒಂದೇ ಭಾಷಣ ಮಾಡುತ್ತಾರೆ.

ಒಬ್ಬನ ನಿವೃತ್ತಿ ಅವನ ಮನೆಯವರ ವಿಷಯ. ಸಂಸ್ಥೆಗೆ ಅದರಿಂದ ಹೆಚ್ಚಿನ ಬಾಧೆಯಿಲ್ಲ. ಪಕ್ಕದ ಕುರ್ಚಿಯವನು ಒಂದು ಮಾರು ಸರಿದು ಕುಳಿತುಕೊಳ್ಳುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಕಿವಿಯ ಬಳಿ ನರೆಗೂದಲು ಕಾಣಿಸಿಕೊಂಡ ಕಾಲಕ್ಕೆ ದಶರಥ ರಾಜ್ಯವನ್ನು ಮಗನಿಗೆ ಒಪ್ಪಿಸಲು ಮನಸ್ಸು ಮಾಡಿದನೆಂದು ಕಾಳಿದಾಸ ಹೇಳುತ್ತಾನೆ. ಮುಂದೆ ನಡೆದದ್ದು ಬೇರೆ ಕಥೆ. ಆದರೆ ಒಪ್ಪಿಸಲು ಅವನಿಗೆ ಬೆಳೆದು ನಿಂತ ಮಗನೊಬ್ಬನಿದ್ದನೆಂಬುದನ್ನು ಮರೆಯಬಾರದು. ಒಂದು ಸಾಲಿಗೆ ಸಾಲೇ ಒಟ್ಟಿಗೆ ಎದ್ದುಹೋದಾಗ, ಅದರ ಹಿಂದಿನ ಸಾಲಿನಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತದೆ? ಇದನ್ನು ನಾನು ಪುಸ್ತಕದಿಂದ ತಿಳಿದವನಲ್ಲ. ಮೂವತ್ತೆಂಟು ವರ್ಷ ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ದುಡಿದು 2015ರಲ್ಲಿ ಹೊರಬಂದವನು ನಾನು. ಬ್ಯಾಂಕಿನ ಹೆಸರು ಇಲ್ಲಿ ಅಗತ್ಯವಿಲ್ಲ. ನಾನು ಹೇಳಹೊರಟದ್ದು ಹೆಚ್ಚುಕಡಮೆ ಎಲ್ಲ ಬ್ಯಾಂಕುಗಳ ಕಥೆ.

ಬ್ಯಾಂಕಿನ ವಿಷಯವಾಗಿ ಮಾತನಾಡಲು ಕನ್ನಡಿಗನಿಗೆ ಒಂದಿಷ್ಟು ಅಧಿಕಾರವಿದೆ. ಕರಾವಳಿಯ ಒಂದೇ ಜಿಲ್ಲೆಯಲ್ಲಿ ಇಪ್ಪತ್ತೈದು ವರ್ಷಗಳ ಅವಧಿಯೊಳಗೆ ಹುಟ್ಟಿದ ಬ್ಯಾಂಕುಗಳನ್ನು ನೆನೆಯಿರಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಷನ್ ಬ್ಯಾಂಕು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕು. 1924ರಲ್ಲಿ ಕರ್ಣಾಟಕ ಬ್ಯಾಂಕು. 1925ರಲ್ಲಿ, ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕು. 1931ರಲ್ಲಿ ವಿಜಯಾ ಬ್ಯಾಂಕು. ದಿನಕ್ಕೆ ಎರಡಾಣೆ ಉಳಿಸುವವನ ಮನೆಬಾಗಿಲಿಗೂ ಹೋಗಿ ಠೇವಣಿ ಸಂಗ್ರಹಿಸುವ ಪಿಗ್ಮಿ ಯೋಜನೆ 1928ರಲ್ಲಿ ಹುಟ್ಟಿದ್ದು ಇಲ್ಲಿಯೇ. ಈ ಬ್ಯಾಂಕುಗಳು ಅಂದು ಸಣ್ಣವು, ಬೆಳೆದದ್ದೂ ನಿಧಾನವಾಗಿ. ವರ್ಷಕ್ಕೆ ಕೆಲವರನ್ನಷ್ಟೇ ಸೇರಿಸಿಕೊಳ್ಳುತ್ತಿದ್ದುದರಿಂದ ಒಂದು ಶಾಖೆಯಲ್ಲಿ ಎಲ್ಲ ಪ್ರಾಯದವರೂ ಕಾಣುತ್ತಿದ್ದರು, ಕೂಡುಕುಟುಂಬದಲ್ಲಿ ಕಂಡಂತೆ.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು. 1980ರಲ್ಲಿ ಇನ್ನೂ ಆರು. ಆಮೇಲೆ ನಡೆದದ್ದು ಬೆಳವಣಿಗೆಯಲ್ಲ, ನೆರೆ. 1969ರಲ್ಲಿ ದೇಶದಲ್ಲಿದ್ದ ಬ್ಯಾಂಕು ಶಾಖೆಗಳು ಸುಮಾರು 8,200. 1991ರ ಹೊತ್ತಿಗೆ ಅವು 60,000ದಷ್ಟಾದವು. ಇಷ್ಟು ಬಾಗಿಲುಗಳನ್ನು ತೆರೆಯಬೇಕಾದರೆ ಅಷ್ಟೇ ಜನ ಬೇಕು. ಬಿ.ಎ., ಬಿ.ಕಾಂ. ಮುಗಿಸಿದ ಹುಡುಗರನ್ನು ಸಾವಿರಗಟ್ಟಲೆಯಾಗಿ ಸೇರಿಸಿಕೊಂಡರು. ಮನೆತನದಲ್ಲಿ ಮೊದಲ ಬಾರಿಗೆ ತಿಂಗಳ ಸಂಬಳ ಕಂಡವರು ಅವರಲ್ಲಿ ಎಷ್ಟೋ ಮಂದಿ. 1977ರಲ್ಲಿ ಇಪ್ಪತ್ತೆರಡರ ಹರೆಯದಲ್ಲಿ ನಾನು ಸೇರಿದಾಗ ನನ್ನೊಡನೆ ತರಬೇತಿಯ ಕೊಠಡಿಯಲ್ಲಿದ್ದ ಮೂವತ್ತು ಜನರಲ್ಲಿ ಹಿರಿಯನಿಗೆ ಇಪ್ಪತ್ತಾರು, ಕಿರಿಯನಿಗೆ ಇಪ್ಪತ್ತು. ನಾವೆಲ್ಲ ಒಟ್ಟಿಗೆ ಮುದುಕರಾಗುತ್ತೇವೆ ಎಂಬ ಸಾಮಾನ್ಯ ಲೆಕ್ಕ, ಲೆಕ್ಕವನ್ನೇ ವೃತ್ತಿಯಾಗಿ ಉಳ್ಳ ಆ ಸಂಸ್ಥೆಯಲ್ಲಿ ಅಂದು ಯಾರಿಗೂ ಹೊಳೆಯಲಿಲ್ಲ.

ಆದರೂ ನಾವು ಭಾಗ್ಯವಂತರು. ನಮ್ಮ ಮುಂದೆ ಹಳೆಯ ಕಾಲದವರು ಇದ್ದರು. ಮಲೆನಾಡಿನ ಸಾಗರ ಸೀಮೆಯ ಒಂದು ಶಾಖೆಯಲ್ಲಿ ನನಗೆ ಮ್ಯಾನೇಜರಾಗಿದ್ದವರು ಕರಾವಳಿಯವರು, ರಾಷ್ಟ್ರೀಕರಣಕ್ಕೆ ಮುಂಚೆ ಸೇರಿದವರು. ಅಡಕೆ ಬೆಳೆಗಾರರು ಸಾಲಕ್ಕೆ ಅರ್ಜಿ ಕೊಟ್ಟರೆ ನಾನು ಪಹಣಿಯನ್ನೂ ಹಳೆಯ ರಸೀದಿಗಳನ್ನೂ ಶ್ರದ್ಧೆಯಿಂದ ಜೋಡಿಸುತ್ತಿದ್ದೆ. ಅವರು ಕಾಗದಗಳನ್ನು ಬದಿಗೆ ಸರಿಸಿ, “ಪಹಣಿ ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ, ಮೊದಲು ತೋಟದ ಕಾಲುವೆ ನೋಡಿಕೊಂಡು ಬಾ” ಎನ್ನುವರು. ಮಳೆ ಹಿಡಿಯುವ ಮುಂಚೆ ತೋಟದ ಬಸಿಗಾಲುವೆಗಳನ್ನು ಹೂಳೆತ್ತಿಸಿದವನು, ಕೊನೆಗಳಿಗೆ ಸಕಾಲದಲ್ಲಿ ಮದ್ದು ಹೊಡೆಸಿದವನು ಕೊಳೆರೋಗಕ್ಕೆ ಸುಲಭವಾಗಿ ಬಲಿಯಾಗುವುದಿಲ್ಲ. ಅಂಥವನಿಗೆ ಕಾಗದದಲ್ಲಿ ಸಣ್ಣ ಕೊರತೆಯಿದ್ದರೂ ಸಾಲ ಕೊಡಬಹುದು. ಕಾಲುವೆಯಲ್ಲಿ ಕಳೆ ಬೆಳೆದಿದ್ದರೆ, ಎಷ್ಟು ಎಕರೆಯಿದ್ದರೂ ಎರಡು ಸಲ ಯೋಚಿಸಬೇಕು. ಇದು ಯಾವ ಸುತ್ತೋಲೆಯಲ್ಲಿಯೂ ಇರಲಿಲ್ಲ, ಇಂದಿಗೂ ಇಲ್ಲ.

ಆ ಮ್ಯಾನೇಜರು ನನಗೆ ಕಲಿಸಿದ್ದು ತೋಟ ನೋಡುವುದನ್ನು ಮಾತ್ರವಲ್ಲ. ಒಮ್ಮೆ ನನ್ನ ಶಿಫಾರಸಿನ ಮೇಲೆ ಕೊಟ್ಟ ಸಾಲವೊಂದು ಮಳೆಗಾಲದ ಹೊಡೆತಕ್ಕೆ ಸಿಕ್ಕಿ ನಿಂತುಹೋಯಿತು. ತಪಾಸಣೆಗೆ ಬಂದವರು ವಿವರಣೆ ಕೇಳಿದರು. ಮ್ಯಾನೇಜರು ನನ್ನನ್ನು ಒಳಗೆ ಕರೆಯಲೇ ಇಲ್ಲ. “ಸಾಲ ಕೊಟ್ಟವನು ನಾನು. ಬೆಳೆಗಾರ ಪ್ರಾಮಾಣಿಕ, ಮುಂದಿನ ಬೆಳೆಗೆ ಕಟ್ಟುತ್ತಾನೆ” ಎಂದು ಬರೆದು ಸಹಿ ಹಾಕಿ ಕಳುಹಿಸಿದರು. ಬೆಳೆಗಾರ ಕಟ್ಟಿದ, ಮುಂದಿನ ಬೆಳೆಗೆ ಅಲ್ಲ, ಅದರ ಮುಂದಿನದಕ್ಕೆ. ಮುಂದಾಳುತನವೆಂಬ ದೊಡ್ಡ ಮಾತಿಗೆ ನಾನು ಕಂಡ ಅರ್ಥ ಇದು: ಕಿರಿಯನ ಸಹಿಯ ಹಿಂದೆ ಹಿರಿಯನೊಬ್ಬ ನಿಂತಿರುವುದು. ಇಂಥವರು ಪ್ರಧಾನ ಕಛೇರಿಯ ಮಹಡಿಯಲ್ಲಿ ಇರುವುದಿಲ್ಲ. ಅವರಿರುವುದು ನಡುವಿನಲ್ಲಿ, ಶಾಖೆಯಲ್ಲಿ, ವಲಯ ಕಛೇರಿಯ ಮೂಲೆಯ ಮೇಜಿನಲ್ಲಿ. ಅವರ ಪ್ರಾಯ ನಾಲ್ವತ್ತರ ಮೇಲೆ, ಐವತ್ತೈದರ ಕೆಳಗೆ.

ಈ ನಡುವೇ ಕಾಣೆಯಾದದ್ದು ಹೇಗೆಂದರೆ, ಬಾಗಿಲು ಮುಚ್ಚಿದ್ದರಿಂದ. ಕಂಪ್ಯೂಟರು ಬಂತು, 1991ರ ಆರ್ಥಿಕ ಸುಧಾರಣೆ ಬಂತು, ಬ್ಯಾಂಕುಗಳಲ್ಲಿ ಜನ ಹೆಚ್ಚಾಗಿದ್ದಾರೆ ಎಂಬ ಮಾತು ಎಲ್ಲೆಡೆ ಕೇಳಿಬಂತು. ಆ ಮಾತು ಸುಳ್ಳೇನೂ ಅಲ್ಲ. ತೊಂಬತ್ತರ ದಶಕದಲ್ಲಿ ಹೊಸಬರ ನೇಮಕ ಬಹುಮಟ್ಟಿಗೆ ನಿಂತುಹೋಯಿತು. 2000ದ ಕೊನೆಯಿಂದ 2001ರ ಮಾರ್ಚಿಯವರೆಗೆ ಸ್ವಯಂ ನಿವೃತ್ತಿ ಯೋಜನೆ ನಡೆಯಿತು. ಹದಿನೈದು ವರ್ಷ ಸೇವೆಯಾದವರು, ಇಲ್ಲವೆ ನಾಲ್ವತ್ತು ದಾಟಿದವರು, ಪೂರೈಸಿದ ಪ್ರತಿ ವರ್ಷಕ್ಕೆ ಅರುವತ್ತು ದಿನಗಳ ಸಂಬಳ ಪಡೆದು ಹೋಗಬಹುದಾಗಿತ್ತು. ಸರ್ಕಾರಿ ರಂಗದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಜನ ಹೋದರು. ಹೋದವರು ಯಾರು ಎಂಬುದನ್ನು ಲೆಕ್ಕದಲ್ಲಿ ಬರೆಯುವವರಿಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ. ಹೊರಗೆ ಇನ್ನೊಂದು ಕೆಲಸ ಸಿಗುತ್ತದೆ ಎಂಬ ಧೈರ್ಯವಿದ್ದವರು ಮೊದಲು ಹೋದರು. ಧೈರ್ಯವಿರುವುದು ಸಮರ್ಥರಿಗೆ. ನಮ್ಮ ವಲಯದಲ್ಲಿ ವಿದೇಶೀ ವಿನಿಮಯದ ಕೆಲಸ ಬಲ್ಲವರು ಮೂವರಿದ್ದರು; ಮೂವರೂ ಒಂದೇ ವಾರದಲ್ಲಿ ಅರ್ಜಿ ಕೊಟ್ಟರು. ಸೋಮಾರಿಯೆಂದು ಹೆಸರಾಗಿದ್ದವನೊಬ್ಬ ಮಾತ್ರ ನಿಷ್ಠೆಯಿಂದ ಕೊನೆಯವರೆಗೆ ಉಳಿದುಕೊಂಡ.

ಅದೇ 2001ರಲ್ಲಿ ಬ್ಯಾಂಕು ನೇಮಕಾತಿ ಮಂಡಳಿಗಳನ್ನೂ ಮುಚ್ಚಿದರು. ಮತ್ತೆ ದೊಡ್ಡ ಪ್ರಮಾಣದಲ್ಲಿ ಬಾಗಿಲು ತೆರೆದದ್ದು ಆ ದಶಕದ ಕೊನೆಗೆ; ಹೆಚ್ಚಿನ ಬ್ಯಾಂಕುಗಳಿಗೆ ಸೇರಿ ಒಂದೇ ಪರೀಕ್ಷೆ ನಡೆಸುವ ಪದ್ಧತಿ ಬಂದದ್ದು 2011ರಲ್ಲಿ. ಬಾಗಿಲು ಮುಚ್ಚಿದ್ದ ಅವಧಿಯಲ್ಲಿ ಒಂದು ತಲೆಮಾರು ಒಳಗೆ ಬರಲೇ ಇಲ್ಲ. ಹೀಗಾಗಿ ಸಂಸ್ಥೆಯ ಆಕೃತಿ ಡಮರುವಿನಂತಾಯಿತು: ಮೇಲೆ ಐವತ್ತು ದಾಟಿದವರು, ಕೆಳಗೆ ಮೂವತ್ತು ತುಂಬದವರು, ನಡುವೆ ಹಿಡಿಯಷ್ಟು ಸೊಂಟ. 2010ರಲ್ಲಿ ಅನಿಲ್ ಖಂಡೇಲ್‌ವಾಲರ ಸಮಿತಿ ಈ ಸಂಗತಿಯನ್ನು ಕೇಂದ್ರ ಸರ್ಕಾರಕ್ಕೆ ಸ್ಪಷ್ಟವಾಗಿಯೇ ತಿಳಿಸಿತು. 2010ರಿಂದ 2020ರವರೆಗಿನದು ನಿವೃತ್ತಿಯ ದಶಕ, ಮೇಲ್ದರ್ಜೆಯ ಅಧಿಕಾರಿಗಳಲ್ಲಿ ಬಹುಪಾಲು ಈ ಅವಧಿಯಲ್ಲಿ ಹೊರಟುಹೋಗುತ್ತಾರೆ ಎಂದಿತು. ನೆರೆ ಬಂದ ಹಾಗೆಯೇ ಇಳಿಯಬೇಕಲ್ಲವೆ? 1975ರಲ್ಲಿ ಇಪ್ಪತ್ತೆರಡರವನಾಗಿ ಸೇರಿದವನಿಗೆ 2013ರಲ್ಲಿ ಅರುವತ್ತು. ಇದಕ್ಕೆ ಸಮಿತಿಯೂ ಬೇಕಾಗಿರಲಿಲ್ಲ.

ಇನ್ನು ಶಿಖರದ ಮಾತು. ನಮ್ಮ ಕಾಲದಲ್ಲಿ 1979ರ ನಿಯಮಾವಳಿಯಂತೆ ಅಧಿಕಾರಿಗೆ ಏಳು ಮೆಟ್ಟಿಲುಗಳಿದ್ದವು. ಏಳನೆಯದು ಜನರಲ್ ಮ್ಯಾನೇಜರನದು. ಒಂದೇ ಕಾಲಕ್ಕೆ ಸೇರಿದ ಸಾವಿರ ಜನ ಒಂದೇ ಏಣಿ ಹತ್ತುವಾಗ ಎಲ್ಲರೂ ನಿಧಾನವಾಗಿಯೇ ಹತ್ತಬೇಕು. ಮೇಲಿನ ಮೆಟ್ಟಿಲನ್ನು ಮುಟ್ಟುವ ಹೊತ್ತಿಗೆ ಐವತ್ತಾರು, ಐವತ್ತೇಳು. ಅಲ್ಲಿಂದ ನಿರ್ದೇಶಕ ಪದವಿ, ಅಧ್ಯಕ್ಷ ಪದವಿ ದೊರೆತರೆ ಉಳಿಯುವ ಕಾಲ ಒಂದೆರಡು ವರ್ಷ. ಮೊದಲ ಆರು ತಿಂಗಳು ಪರಿಚಯಕ್ಕೆ, ಕೊನೆಯ ಆರು ತಿಂಗಳು ಬೀಳ್ಕೊಡುಗೆಗೆ. ನಡುವಿನ ವರ್ಷದಲ್ಲಿ ಹೊಸ ಘೋಷವಾಕ್ಯ, ಹೊಸ ಅಭಿಯಾನ. ಒಬ್ಬರು ಸಣ್ಣ ಸಾಲವೇ ಪ್ರಾಣವೆಂದರು. ಅವರ ಉತ್ತರಾಧಿಕಾರಿ ಬೃಹತ್ ಉದ್ಯಮವೇ ಪ್ರಾಣವೆಂದರು. ಶಾಖೆಗಳ ಗೋಡೆಯಲ್ಲಿ ಭಾವಚಿತ್ರಗಳು ಬದಲಾಗುವ ವೇಗಕ್ಕೆ ಮೊಳೆಯ ತೂತು ದೊಡ್ಡದಾಯಿತು ಎಂದು ನಮ್ಮಲ್ಲಿ ನಗೆಯಾಡುವುದಿತ್ತು.

ನಗೆಯಾಡಿ ಬಿಡುವಷ್ಟು ಹಗುರವಾದ ಸಂಗತಿ ಇದಲ್ಲ. ರಸ್ತೆಗೆ, ವಿದ್ಯುತ್ ಸ್ಥಾವರಕ್ಕೆ ಕೊಡುವ ಸಾಲ ಹದಿನೈದು ವರ್ಷದ್ದು. ಅದನ್ನು ಮಂಜೂರು ಮಾಡುವ ಕೈ ಇನ್ನು ಹದಿನೈದು ತಿಂಗಳಿಗೆ ಮನೆಗೆ ಹೋಗುವ ಕೈ. ಸರ್ಕಾರಿ ಬ್ಯಾಂಕುಗಳಲ್ಲಿ ವಸೂಲಾಗದ ಸಾಲ 2018ರ ಮಾರ್ಚಿಯಲ್ಲಿ ನೂರಕ್ಕೆ ಹದಿನಾಲ್ಕನ್ನು ಮಿಕ್ಕಿತು. ನಿವೃತ್ತಿಯೊಂದೇ ಇದಕ್ಕೆ ಕಾರಣವೆಂದರೆ ಅದು ಅತಿಶಯದ ಮಾತು. ರಾಜಕೀಯ, ಆರ್ಥಿಕ ಕುಸಿತ, ಸಾಲಗಾರರ ಚಾತುರ್ಯ ಎಲ್ಲವೂ ಇದ್ದವು. ಆದರೆ ತಾನು ನೆಟ್ಟ ಗಿಡದ ಹಣ್ಣನ್ನು ತಾನು ನೋಡುವುದಿಲ್ಲವೆಂದು ತಿಳಿದ ತೋಟಗಾರನ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದನ್ನು ಊಹಿಸಬಹುದು. 2014ರಲ್ಲಿ ವರದಿ ಕೊಟ್ಟ ಪಿ. ಜೆ. ನಾಯಕ್ ಸಮಿತಿ ಅಧ್ಯಕ್ಷರಿಗೆ ಕಡಮೆಯೆಂದರೂ ಐದು ವರ್ಷಗಳ ಅವಧಿ ಬೇಕೆಂದದ್ದು ಇದೇ ಕಾರಣಕ್ಕೆ. ಮರುವರ್ಷ, 2015ರ ಆಗಸ್ಟಿನಲ್ಲಿ, ಕೆನರಾ ಬ್ಯಾಂಕು ಮತ್ತು ಬ್ಯಾಂಕ್ ಆಫ್ ಬರೋಡಗಳಿಗೆ ಖಾಸಗಿ ರಂಗದಿಂದ ಮುಖ್ಯಸ್ಥರನ್ನು ಕರೆತಂದರು. ಹೊರಗಿನವರು ಬರುವುದು ಅವಮಾನವೆಂದು ನಾನು ತಿಳಿದವನಲ್ಲ. ಹೊಸ ಗಾಳಿ ಒಳ್ಳೆಯದೇ. ಆದರೆ ಸಾವಿರಾರು ಅಧಿಕಾರಿಗಳಿರುವ ಮನೆಯಲ್ಲಿ ಐದು ವರ್ಷ ನಡೆಸಿಕೊಂಡು ಹೋಗುವ ಪ್ರಾಯದವನೊಬ್ಬನನ್ನು ಹುಡುಕುವುದು ಕಷ್ಟವಾಯಿತಲ್ಲ, ಅದನ್ನು ಕುರಿತು ಯೋಚಿಸಬೇಕು.

ಶಿಖರದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಬುಡದ ಸುದ್ದಿ ಬರುವುದಿಲ್ಲ. ನಿವೃತ್ತನಾದ ಮೇಲೆ ತರಬೇತಿ ಕೇಂದ್ರವೊಂದರಲ್ಲಿ ಒಂದು ದಿನ ಪಾಠ ಹೇಳಲು ಹೋಗಿದ್ದೆ. ಅಲ್ಲಿದ್ದ ಆಂಧ್ರದ ಕಡೆಯ ಹೆಣ್ಣುಮಗಳೊಬ್ಬಳು ನನ್ನ ಫೋನ್ ಸಂಖ್ಯೆ ಬರೆದುಕೊಂಡಿದ್ದಳು. ಎರಡು ವರ್ಷಗಳ ತರುವಾಯ ಆಕೆಯಿಂದ ಕರೆ ಬಂತು. ಹಾವೇರಿ ಜಿಲ್ಲೆಯ ಶಾಖೆಯೊಂದಕ್ಕೆ ಮ್ಯಾನೇಜರಳಾಗಿದ್ದಾಳೆ, ವಯಸ್ಸು ಇಪ್ಪತ್ತೊಂಬತ್ತು. ಕನ್ನಡವನ್ನು ಸಂತೆಯಲ್ಲಿ ಕಲಿತು ಚೆನ್ನಾಗಿಯೇ ಮಾತನಾಡುತ್ತಾಳೆ. ನನ್ನ ಕಾಲದಲ್ಲಿ ಅಂಥ ಕುರ್ಚಿಗೆ ಬರಲು ಇಪ್ಪತ್ತು ವರ್ಷ ಬೇಕಾಗುತ್ತಿತ್ತು. ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಶೀತಲಗೃಹದ ರಸೀದಿಗಳ ಮೇಲೆ ಪಡೆದ ಸಾಲವನ್ನು ನವೀಕರಿಸಲು ಕೇಳಿದ್ದಾರೆ. ಕಾಗದವೆಲ್ಲ ಸರಿಯಾಗಿದೆ. ಆದರೂ ಏನೋ ಅಳುಕು. ವ್ಯಾಪಾರಿಯ ಹೆಸರನ್ನು ಆಕೆ ಹೇಳಲಿಲ್ಲ, ಅದು ನನಗೆ ಮೆಚ್ಚಿಗೆಯಾಯಿತು.

“ಚೀಲ ಬಿಚ್ಚಿಸಿ ನೋಡಿದೆಯೇನಮ್ಮ?” ಎಂದೆ. ಬ್ಯಾಡಗಿ ಮೆಣಸಿನಕಾಯಿಯ ಬೆಲೆಯೆಲ್ಲ ಅದರ ಬಣ್ಣದಲ್ಲಿ. ಎರಡನೆಯ ವರ್ಷಕ್ಕೆ ಬಣ್ಣ ಇಳಿದರೆ ಬೆಲೆಯೂ ಇಳಿಯುತ್ತದೆ. ರಸೀದಿಯಲ್ಲಿ ಚೀಲದ ಲೆಕ್ಕವಿರುತ್ತದೆ, ಬಣ್ಣದ ಲೆಕ್ಕವಿರುವುದಿಲ್ಲ. ಮಾಲು ಈ ಸುಗ್ಗಿಯದೋ ಹಿಂದಿನದೋ ಎಂಬುದನ್ನು ಮಾರುಕಟ್ಟೆಯ ಹಮಾಲನೊಬ್ಬ ಮೂಸಿ ಹೇಳಬಲ್ಲ ಎಂದು ತಿಳಿಸಿದೆ. ಆಕೆ ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಸ್ವಲ್ಪ ತಡೆದು ಕೇಳಿದಳು: “ಸರ್, ಮಾಲು ಚೆನ್ನಾಗಿಯೇ ಇದೆ ಎಂದಿಟ್ಟುಕೊಳ್ಳಿ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಸಹಿ ಮಾಡುತ್ತಿದ್ದಿರಾ?”

ಮಾಡುತ್ತಿದ್ದೆ. ಆದರೆ ನನ್ನ ಮೇಲೆ ಒಬ್ಬರಿದ್ದರು. ಆಕೆಯ ಮೇಲಿನ ವಲಯ ಕಛೇರಿಯಲ್ಲಿ ಸಾಲ ವಿಭಾಗ ನೋಡುವವನಿಗೆ ಮೂವತ್ತೊಂದು. ಅವನ ಮೇಲಿನವರು ಐವತ್ತೊಂಬತ್ತು ದಾಟಿದವರು. ನಿವೃತ್ತಿಗೆ ಏಳು ತಿಂಗಳಿದೆ. ಈ ಏಳು ತಿಂಗಳಲ್ಲಿ ವಿಜಿಲೆನ್ಸ್ ಶಾಖೆಯ ಒಂದು ಕಾಗದವೂ ತಮ್ಮ ಮೇಜಿಗೆ ಬರಬಾರದೆಂಬುದೇ ಅವರ ಏಕೈಕ ವ್ರತ. ಅವರನ್ನು ದೂಷಿಸಲಾರೆ. ಪಿಂಚಣಿ ತಡೆಹಿಡಿದರೆ ಏನಾಗುತ್ತದೆಂಬುದನ್ನು ಅವರು ಕಂಡಿದ್ದಾರೆ. ಆ ಹುಡುಗಿಗೆ ಕಾಯಿದೆ ನನಗಿಂತ ಚೆನ್ನಾಗಿ ಗೊತ್ತು, ಕಂಪ್ಯೂಟರಿನ ಮುಂದೆ ನಾನು ಅವಳ ಶಿಷ್ಯ. ಅವಳಿಗಿಲ್ಲದ್ದು ತಿಳಿವಳಿಕೆಯಲ್ಲ. “ಮಾಡಮ್ಮ, ನಾನಿದ್ದೇನೆ” ಎನ್ನುವ ನಾಲ್ವತ್ತೆಂಟರ ಒಬ್ಬ ಮನುಷ್ಯ ಅವಳಿಗಿಲ್ಲ. ಆ ಮನುಷ್ಯನನ್ನು 1998ರಲ್ಲಿ ಸೇರಿಸಿಕೊಳ್ಳಬೇಕಾಗಿತ್ತು. ಈಗ ಎಷ್ಟು ಸಂಬಳ ಕೊಟ್ಟರೂ ಇಪ್ಪತ್ತೈದು ವರ್ಷ ಹಳೆಯವನನ್ನು ಹೊಸದಾಗಿ ತಯಾರಿಸಲಾಗುವುದಿಲ್ಲ.

ಹಿರಿಯರೆಲ್ಲ ಜ್ಞಾನನಿಧಿಗಳು, ಅವರು ಹೋದದ್ದರಿಂದ ಲೋಕ ಕತ್ತಲಾಯಿತು ಎಂದು ಯಾರೂ ಭಾವಿಸಬೇಕಾಗಿಲ್ಲ. ಹೊರಟವರಲ್ಲಿ ಹತ್ತು ವರ್ಷ ಮುಂಚೆಯೇ ಹೋಗಬಹುದಾಗಿದ್ದವರೂ ಇದ್ದರು. ಕಂಪ್ಯೂಟರನ್ನು ಶನಿಯೆಂದು ಬಗೆದು ಲೆಡ್ಜರನ್ನು ತಬ್ಬಿಕೊಂಡವರು, ಕೆಲಸದ ಗುಟ್ಟನ್ನು ಅಡುಗೆಯ ಗುಟ್ಟಿನಂತೆ ಯಾರಿಗೂ ಬಿಟ್ಟುಕೊಡದವರು, ಕಿರಿಯನ ಚುರುಕನ್ನು ಕಂಡರೆ ದೂರದ ಊರಿಗೆ ವರ್ಗ ಮಾಡಿಸಿದವರು. ಏಣಿಯಲ್ಲಿ ದಟ್ಟಣೆ ಹೆಚ್ಚಾದಾಗ ಗುಣಕ್ಕಿಂತ ಸರದಿಯೇ ಮುಖ್ಯವಾಗುತ್ತದೆ. ಸರದಿಯಲ್ಲಿ ಮೂವತ್ತು ವರ್ಷ ನಿಂತವನಿಗೆ ಕುರ್ಚಿ ಸಿಕ್ಕಿದಾಗ ದಣಿವೇ ಮುಂದಾಗಿರುತ್ತದೆ. ಹೊಸಬರಲ್ಲಿ ನಾನು ಕಂಡ ಒಂದು ಗುಣ ನಮ್ಮ ತಲೆಮಾರಿನಲ್ಲಿ ಅಪರೂಪವಾಗಿತ್ತು: ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ನಾಚಿಕೆಯಿಲ್ಲದೆ ಕೇಳುತ್ತಾರೆ. ಕೇಳಿದರೆ ಹೇಳುವವರು ಒಳಗಿಲ್ಲದ್ದರಿಂದ ಹೊರಗಿನ ಮುದುಕರಿಗೆ ಫೋನ್ ಮಾಡುತ್ತಾರೆ.

ಇದು ಬ್ಯಾಂಕಿಗೇ ಮೀಸಲಾದ ಕಷ್ಟವಲ್ಲ. 2020ರ ಜನವರಿ 31ರ ಸಂಜೆ ಭಾರತ ಸಂಚಾರ ನಿಗಮದಿಂದ, ಐವತ್ತು ದಾಟಿದ ಸುಮಾರು 78,000 ಜನ ಸ್ವಯಂ ನಿವೃತ್ತಿ ಪಡೆದು ಒಟ್ಟಿಗೆ ಮನೆಗೆ ನಡೆದರು. ನೆಲದೊಳಗಿನ ಹಳೆಯ ಕೇಬಲ್ಲು ಯಾವ ಬೀದಿಯಲ್ಲಿ ಎಲ್ಲಿ ತಿರುಗುತ್ತದೆಂದು ನಕ್ಷೆಯಿಲ್ಲದೆ ಬಲ್ಲವರು ಅವರಲ್ಲಿ ಎಷ್ಟು ಜನವೋ. ಜಪಾನಿನಲ್ಲಿ ಮಹಾಯುದ್ಧದ ತರುವಾಯ, 1947ರಿಂದ 1949ರವರೆಗೆ ಮೂರೇ ವರ್ಷಗಳಲ್ಲಿ ಎಂಬತ್ತು ಲಕ್ಷ ಮಕ್ಕಳು ಹುಟ್ಟಿದವು. ಅವರಲ್ಲಿ ಮೊದಲಿಗರಿಗೆ 2007ರಲ್ಲಿ ಅರುವತ್ತು ತುಂಬುತ್ತದೆಂದು ಅಲ್ಲಿಯವರು ಮುಂಚಿತವಾಗಿಯೇ ಕಳವಳಪಟ್ಟರು; ಆ ಕಷ್ಟಕ್ಕೆ ‘2007ರ ಸಮಸ್ಯೆ’ ಎಂದು ಹೆಸರನ್ನೂ ಇಟ್ಟರು. 2004ರಲ್ಲಿ ಕಾಯಿದೆ ತಿದ್ದಿ 2006ರಿಂದ ಜಾರಿಗೆ ತಂದರು. ನಿವೃತ್ತಿಯ ವಯಸ್ಸನ್ನು ಹಂತಹಂತವಾಗಿ ಅರುವತ್ತೈದಕ್ಕೆ ಏರಿಸಬೇಕು, ಇಲ್ಲವೆ ಹಿರಿಯರನ್ನು ಮುಂದುವರಿಸುವ ಏರ್ಪಾಡು ಮಾಡಬೇಕು, ಅದೂ ಆಗದಿದ್ದರೆ ವಯಸ್ಸಿನ ಮಿತಿಯನ್ನೇ ತೆಗೆದುಹಾಕಬೇಕು ಎಂದು ವಿಧಿಸಿದರು. ನಿವೃತ್ತನಾದವನು ಮರುದಿನದಿಂದಲೇ ಕಡಮೆ ಸಂಬಳಕ್ಕೆ ಅದೇ ಕಾರ್ಖಾನೆಯಲ್ಲಿ ಕಿರಿಯರ ಪಕ್ಕದಲ್ಲಿ ಕೂರುವುದು ಅಲ್ಲಿ ಸಾಮಾನ್ಯವಾಯಿತು. ನಮ್ಮಲ್ಲಿ ಇದು ಹೊಂದುತ್ತದೆಯೋ ಇಲ್ಲವೋ ಎಂಬ ವಿಷಯದಲ್ಲಿ ನನಗೆ ಸಂಶಯವಿದೆ. ಕೆಲಸಕ್ಕಾಗಿ ಕಾದು ನಿಂತ ಯುವಕರಿರುವ ದೇಶದಲ್ಲಿ ಮುದುಕರನ್ನು ಕುರ್ಚಿಯಲ್ಲಿ ಉಳಿಸುವುದು ನ್ಯಾಯವಲ್ಲ. ಕುರ್ಚಿಯಿಲ್ಲದೆ ಬರಿಯ ಸ್ಟೂಲಿನ ಮೇಲೆ ಎರಡು ವರ್ಷ ಕೂರಿಸಬಹುದಾಗಿತ್ತು.

ಈ ನಡುವೆ ನಮ್ಮ ಬ್ಯಾಂಕುಗಳ ಹೆಸರುಗಳೇ ಹೋದವು. ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಎರಡು ಮನೆಗಳ ಸಂಪ್ರದಾಯ ಕೂಡಿಸುವ ಕೆಲಸಕ್ಕೆ ಎರಡೂ ಕಡೆಯ ಹಿರಿಯರು ಬೇಕಾಗಿದ್ದ ಸಮಯದಲ್ಲಿಯೇ ಅವರು ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದರು. 2011ರ ತರುವಾಯ ನೇಮಕ ವರ್ಷವರ್ಷವೂ ನಡೆದದ್ದು ಒಳ್ಳೆಯ ಮಾತು. ಆದರೆ ಅದರ ಮೊದಲ ವರ್ಷಗಳಲ್ಲಿ ಖಾಲಿಯಾದ ಜಾಗವನ್ನೆಲ್ಲ ತುಂಬುವ ಆತುರದಲ್ಲಿ ಮತ್ತೆ ಒಂದು ದೊಡ್ಡ ಅಲೆಯನ್ನೇ ಒಳಗೆ ಬಿಟ್ಟುಕೊಂಡೆವು. 2012ರಲ್ಲಿ ಇಪ್ಪತ್ನಾಲ್ಕರವನಾಗಿ ಸೇರಿದವನಿಗೆ 2048ರಲ್ಲಿ ಅರುವತ್ತು ತುಂಬುತ್ತದೆ.

ಬ್ಯಾಂಕಿನಲ್ಲಿ ಒಬ್ಬ ಮ್ಯಾನೇಜರು ಇನ್ನೊಬ್ಬನಿಗೆ ಅಧಿಕಾರ ಒಪ್ಪಿಸುವಾಗ ಒಂದು ಪಟ್ಟಿಗೆ ಇಬ್ಬರೂ ಸಹಿ ಮಾಡುತ್ತಾರೆ. ಬೀಗದ ಕೈಗಳು, ಮುದ್ರೆಗಳು, ತಿಜೋರಿಯ ನಗದು, ಅಡವಿಟ್ಟ ಚಿನ್ನದ ಚೀಲಗಳು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಬಸಿಗಾಲುವೆಗೂ ಮೆಣಸಿನಕಾಯಿಯ ಬಣ್ಣಕ್ಕೂ ಇಲ್ಲ. ಹಾವೇರಿಯ ಆ ಹೆಣ್ಣುಮಗಳಿಗೆ ಈ ವರ್ಷ ವರ್ಗವಾಯಿತು. ಆಕೆಯ ಜಾಗಕ್ಕೆ ಬಂದ ಹುಡುಗನಿಗೆ ಇಪ್ಪತ್ತಾರು. ಶನಿವಾರ ಸಂಜೆಗೆ ಪಟ್ಟಿ ಮುಗಿಯಿತಂತೆ. ಭಾನುವಾರ ರಜೆ, ಆಕೆ ರೈಲಿನ ಟಿಕೀಟನ್ನು ಒಂದು ದಿನ ಮುಂದಕ್ಕೆ ಹಾಕಿಸಿ, ಬೆಳಗ್ಗೆ ಏಳಕ್ಕೆ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೂರು ಹಳ್ಳಿ, ಎರಡು ಶೀತಲಗೃಹ ಸುತ್ತಿಸಿದಳೆಂದು ಫೋನಿನಲ್ಲಿ ಹೇಳಿದಳು. ಹುಡುಗ ದಾರಿಯುದ್ದಕ್ಕೂ ಸೀನುತ್ತಿದ್ದನಂತೆ.